ಬಾಂಬರ್ಗಿನ ಗೋಡೆ, ನಮ್ಮವರ ಫೋನು

ನಮ್ಮ ಮನೆಯವರನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಿ ಮರ್ಯಾದೆಯಿಂದ ವಾಪಸ್ ಬಂದ ದಾಖಲೆ ಇನ್ನೂ ಇಲ್ಲ. ಲಿವರ್‌ಮೋರ್ ಎಂಬ ಪಕ್ಕದೂರಿನ ದೇವಸ್ಥಾನಕ್ಕೆ ಹೋದರೂ ಏನಾದರೊಂದು ಆಗುತ್ತದೆ, ಗ್ರೋಸರಿಗೆ ಹೋದರೂ ಆಗುತ್ತದೆ. ಅಂಥವರನ್ನು ಕಟ್ಟಿಕೊಂಡು ಕಳೆದ ಬೇಸಿಗೆಯಲ್ಲಿ ಜರ್ಮನಿಯ ಬಾಂಬರ್ಗ್ ಎಂಬ ಹಳೇ ಊರಿಗೆ ಹೋಗಿದ್ದೆ. ಕಟ್ಟಡ, ಕಲೆ, ಸಂಸ್ಕೃತಿ ನೋಡುವುದಕ್ಕೆ. ನಾವು ನೋಡಿದ್ದು ಸಾಕಷ್ಟು. ಊರಿನವರು ನಮ್ಮನ್ನು ನೋಡಿದ್ದು ಅದಕ್ಕಿಂತ ಹೆಚ್ಚು.

ಪಂದ್ಯ

ಎಲ್ಲ ಶುರುವಾದದ್ದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ನಮ್ಮ ಮನೆಯ ಊಟದ ಟೇಬಲ್ಲಿನಲ್ಲಿ. ಹೈಸ್ಕೂಲಿನ ಕೊನೆಯ ವರ್ಷಕ್ಕೆ ಕಾಲಿಡುತ್ತಿದ್ದ ಮಗಳು, ಕಾಲೇಜಿನಲ್ಲಿ ಹಳೇ ಕಟ್ಟಡಗಳನ್ನು ಉಳಿಸುವ ವಿದ್ಯೆ ಕಲಿಯುತ್ತೇನೆ ಎಂದುಬಿಟ್ಟಳು. ನಮ್ಮವರು ಸಾಫ್ಟ್‌ವೇರ್ ಎಂಜಿನಿಯರು. ಕಟ್ಟಡ ಎಂದರೆ ಅವರಿಗೆ ನೆನಪಾಗುವುದು ಒಂದೇ, ನಮ್ಮ ಹಿತ್ತಲಲ್ಲಿ ಹಾಕಿಸಬೇಕೆಂದಿರುವ ಡೆಕ್ಕು ಎಂಬ ಮರದ ಜಗಲಿ. ಅದಕ್ಕೆ ಸಿಟಿಯವರ ಪರ್ಮಿಟ್ಟು ಬೇಕು ಎಂದು ವರ್ಷಗಟ್ಟಲೆ ಅಲೆದು ಚಪ್ಪಲಿ ಸವೆಸಿದ್ದಾರೆ, ಇನ್ನೂ ಸಿಕ್ಕಿಲ್ಲ.

"ಈ ಊರಲ್ಲಿ ಹಳೇ ಕಟ್ಟಡ ಎಲ್ಲಿದೆ? ನಮ್ಮ ಗರಾಜೇ ಇಲ್ಲಿ ಪುರಾತನ," ಎಂದರು, ಫೋನಿನಿಂದ ಕಣ್ಣು ತೆಗೆಯದೆ. "ಕಂಪ್ಯೂಟರ್ ಸೈನ್ಸ್ ತಗೋ. ಕಟ್ಟಡ ವೀಕೆಂಡಲ್ಲಿ ನೋಡ್ಕೋ."

"ಅಪ್ಪಾ, ಯೂ ನೆವರ್ ಲುಕ್ ಅಟ್ ಎನಿಥಿಂಗ್," ಎಂದಳು ಮಗಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

ಆಮೇಲೆ ಅವಳೇ ಪಂದ್ಯ ಕಟ್ಟಿದಳು. ಅವಳು ಆರಿಸಿದ ಹಳೇ ಊರಿಗೆ ಎಲ್ಲರೂ ಹೋಗಬೇಕು. ಅಲ್ಲಿ ಒಂದೇ ಒಂದು ಕಟ್ಟಡದ ಮುಂದಾದರೂ ಅಪ್ಪ ಫೋನು ಮರೆತು ನಿಂತರೆ ಅವಳು ಗೆದ್ದಂತೆ, ಇಷ್ಟಪಟ್ಟದ್ದು ಓದುವುದು. ಮರೆಯದಿದ್ದರೆ ಬಾಯಿ ಮುಚ್ಚಿಕೊಂಡು ಕಂಪ್ಯೂಟರ್ ಸೈನ್ಸ್.

ನಮ್ಮವರು ತಕ್ಷಣ ಒಪ್ಪಿದರು. ನಮ್ಮ ಮದುವೆ ಮಂಟಪದಲ್ಲೇ ಫೋನು ಮರೆಯದ ಮನುಷ್ಯ ಇವರು. ಇಂಥವರನ್ನು ನಂಬಿ ಹುಡುಗಿ ತನ್ನ ಮುಂದಿನ ಓದನ್ನೇ ಪಣಕ್ಕಿಟ್ಟಿದ್ದಳು.

ಧಾರವಾಡದಿಂದ ಬಂದು ನಮ್ಮ ಜೊತೆಗೇ ಇರುವ ಅತ್ತೆ ಆರಾಮಾಗಿ ಮಜ್ಜಿಗೆ ಮುಗಿಸಿ ಲೋಟ ಕೆಳಗಿಟ್ಟರು. "ಪಂದ್ಯ ಯಾರರ ಗೆಲ್ರಿ. ಅಲ್ಲೆ ಕುಕ್ಕರ್ ಇಡ್ಲಿಕ್ಕೆ ಒಲಿ ಅದನೋ ಇಲ್ಲೋ, ಅದನ್ನ ಮೊದಲ ಕೇಳ್ರಿ."

ದೇಶಕ್ಕಿಂತ ಹಳೇ ಮನೆ

ನಾವು ಇಳಿದುಕೊಂಡದ್ದು ತೊಲೆಗಳೆಲ್ಲ ಗೋಡೆಯ ಹೊರಗೇ ಕಾಣುವ ಒಂದು ಪುಟ್ಟ ಮನೆಯಲ್ಲಿ. ಕಿಟಕಿಗಳಲ್ಲಿ ಕೆಂಪು ಹೂವು, ಒಂದು ಕಡೆಗೆ ವಾಲಿದ ಮೆಟ್ಟಿಲು. ಮಗಳು ಒಂದೊಂದೇ ತೊಲೆ ಸವರುತ್ತಾ "ಓ ಮೈ ಗಾಡ್" ಎನ್ನುತ್ತಿದ್ದಳು. ನಮ್ಮವರು ಫೋನಿನ ಟಾರ್ಚು ಹಾಕಿಕೊಂಡು ಗೋಡೆಯ ಬುಡದಲ್ಲಿ ಬಗ್ಗಿದ್ದರು. ಪಾಪ, ಏನೋ ಬೀಳಿಸಿಕೊಂಡಿದ್ದಾರೆ ಎಂದು ಮನೆಯ ಒಡತಿಯೂ ಬಗ್ಗಿ ಹುಡುಕತೊಡಗಿದಳು.

ಇವರು ಹುಡುಕುತ್ತಿದ್ದದ್ದು ಬೋಲ್ಟು. ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಂಡವರಿಗೆ ಅಂಟುವ ಕಾಯಿಲೆ ಅದು. "ಮನೆಯನ್ನ ಫೌಂಡೇಶನ್ನಿಗೆ ಬೋಲ್ಟ್ ಮಾಡಿಸಿದೀರಾ? ನಾಳೆ ಭೂಕಂಪ ಆದ್ರೆ?" ಎಂದು ಆಕೆಯನ್ನು ಇಂಗ್ಲಿಷಿನಲ್ಲಿ ಕೇಳಿದರು.

ಆಕೆ ಸೊಂಟ ನೆಟ್ಟಗೆ ಮಾಡಿಕೊಂಡು, "ಈ ಮನೆ ನಿಮ್ಮ ದೇಶಕ್ಕಿಂತ ಹಳೆಯದು, ಸರ್," ಎಂದಳು.

ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದ್ದೇ ತಪ್ಪಾಯಿತು. ಅವರು ಚೀಲದ ಜಿಪ್ಪಿನ ಮೇಲಿಟ್ಟ ಕೈ ಹಿಂದಕ್ಕೆ ತೆಗೆದರು.

"ಯಾವ ದೇಶಕ್ಕಿಂತ ಅಂತ ಆಕಿನ್ನ ಕೇಳು. ಅಮೆರಿಕಾ ಅಂದ್ರ ಇರ್ಲಿ ಬಿಡು, ಖರೇ ಅದ. ನಮ್ಮ ಬಾದಾಮಿಗಿಂತ ಹಳೇದು ಅಂದಿದ್ರ ನಾ ಇಲ್ಲೆ ಸಾಮಾನು ಬಿಚ್ಚೂದಿಲ್ಲ."

ಹೊಗೆ

ಸಂಜೆ ಒಂದು ಹಳೇ ಹೋಟೆಲಿಗೆ ಊಟಕ್ಕೆ ಹೋದೆವು. ಕುರ್ಚಿ ಎಳೆದುಕೊಂಡು ಕೂತವರೇ ನಮ್ಮವರು ಮೂಗು ಅರಳಿಸಿದರು.

"ಹೊಗೆ! ಎಲ್ಲೋ ಕಾಡಿಗೆ ಬೆಂಕಿ ಬಿದ್ದಿದೆ."

ಕಾಡ್ಗಿಚ್ಚಿನ ಹೊಗೆ ಕುಡಿದು ಅಭ್ಯಾಸವಾದ ಬೇ ಏರಿಯಾದವರು ನಾವು. ನಮಗೂ ವಾಸನೆ ಬರುತ್ತಿತ್ತು. ಅವರು ಗಾಳಿ ಹೇಗಿದೆ ಎಂದು ತೋರಿಸುವ ಆ್ಯಪ್ ತೆರೆದರು. ಅದು ಹಸಿರು ತೋರಿಸಿತು. "ಆ್ಯಪ್ ಹಾಳಾಗಿದೆ," ಎಂದು ಹೆಂಡತಿ ಮಕ್ಕಳ ಪ್ರಾಣ ಉಳಿಸುವವರಂತೆ ಬ್ಯಾಗಿನಿಂದ ಮಾಸ್ಕು ತೆಗೆದು ಹಂಚಿದರು. ಕಿಟಕಿ ಮುಚ್ಚಿಸಲು ಎದ್ದು ನಿಂತರು.

ವೇಟರ್ ಬಂದಾಗ ಮೂರು ಜನ ಮಾಸ್ಕು ಹಾಕಿಕೊಂಡು ಮೆನು ಓದುತ್ತಿದ್ದೆವು, ಒಬ್ಬರು ಕಿಟಕಿ ಎಳೆಯುತ್ತಿದ್ದರು. ಬೆಂಕಿ ಎಲ್ಲಿ ಎಂದು ನಮ್ಮವರು ಕೇಳಿದರು. ಅವನು ತನ್ನ ಟ್ರೇಯಿಂದ ಒಂದು ಗ್ಲಾಸು ಎತ್ತಿ ಅವರ ಮೂಗಿನ ಕೆಳಗೆ ಹಿಡಿದ. ಹೊಗೆ ಬರುತ್ತಿದ್ದದ್ದು ಬಿಯರಿನಿಂದ. ಇಲ್ಲಿ ಬಾರ್ಲಿ ಕಾಳನ್ನು ಹೊಗೆಯಲ್ಲಿ ಒಣಗಿಸಿ ಬಿಯರ್ ಮಾಡುತ್ತಾರಂತೆ. ಅದನ್ನು ಕುಡಿಯಲೆಂದೇ ಜನ ದೂರದಿಂದ ಬರುತ್ತಾರಂತೆ.

ಅತ್ತೆ ಮಾಸ್ಕು ಕೆಳಗಿಳಿಸಿ ಒಮ್ಮೆ ಮೂಸಿದರು. ಮಗನ ಕಡೆ ತಿರುಗಿದರು. "ನನ್ನ ಕೈಲೆ ಹಾಲು ತಳಾ ಹತ್ತಿದ್ರ ಮನೀ ತುಂಬ ಒದರ್ತಿದ್ದಿ. ನೋಡಿಲ್ಲೆ, ಈ ಮಂದಿ ಅದನ್ನ ರೊಕ್ಕಾ ಕೊಟ್ಟು ಕುಡೀತಾರ."

ಪ್ರದಕ್ಷಿಣೆ

ಮರುದಿನ ಗುಡ್ಡದ ಮೇಲಿನ ದೊಡ್ಡ ಚರ್ಚು. ಒಳಗೆ ಹಿಂದಿನ ಕಾಲದ ರಾಜ ರಾಣಿಯರ ಕಲ್ಲಿನ ಸಮಾಧಿ ಇದೆ, ಸುತ್ತಲೂ ಕೆತ್ತನೆ. ಇವರನ್ನು ಇಲ್ಲಿಯವರು ಸಂತರೆಂದು ಪೂಜಿಸುತ್ತಾರೆ ಎಂದು ಅತ್ತೆಗೆ ಹೇಳಿದೆ.

"ಅಂದ್ರ ದೊಡ್ಡವರು," ಎಂದು ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ಮುಗಿದು, ಪ್ರದಕ್ಷಿಣೆ ಹೊರಟರು. ಪ್ರತಿ ಕೆತ್ತನೆಯ ಮುಂದೂ ಒಂದು ಕ್ಷಣ ನಿಂತು, ತಲೆ ಆಡಿಸಿ, ಮುಂದೆ ಹೋಗುತ್ತಿದ್ದರು.

ಪಕ್ಕದಲ್ಲೇ ಒಂದು ಪ್ರವಾಸಿ ಗುಂಪಿತ್ತು. ಗೈಡು ಚಾವಣಿಯ ಕಡೆ ಕೈ ಮಾಡಿ ಏನೋ ವಿವರಿಸುತ್ತಿದ್ದ. ಅಂಚಿನಲ್ಲಿದ್ದವರು ಅತ್ತೆಯ ಗತ್ತು ನೋಡಿ, ಟೂರು ಇಲ್ಲೇ ನಡೆಯುತ್ತಿದೆ ಎಂದುಕೊಂಡು ಹಿಂದೆ ಬಿದ್ದರು. ಎರಡನೇ ಸುತ್ತಿಗೆ ಅರ್ಧ ಗುಂಪು ಬಂತು, ಮೂರನೆಯದಕ್ಕೆ ಉಳಿದ ಅರ್ಧ. ಗೈಡು ಚಾವಣಿಯಿಂದ ಕಣ್ಣು ಇಳಿಸಿ ನೋಡಿದರೆ ಎದುರಿಗೆ ಯಾರೂ ಇಲ್ಲ. ಅತ್ತೆ ಕೊನೆಗೆ ನಿಂತು ಬಾಗಿ ನಮಸ್ಕಾರ ಮಾಡಿದರು. ಹಿಂದಿನವರೂ ಬಾಗಿದರು.

ನಾನು ನಾಚಿಕೆಯಿಂದ ಗೈಡನ ಬಳಿ ಹೋಗಿ ಕ್ಷಮೆ ಕೇಳಿದೆ. ಅವನು ಅತ್ತೆಯನ್ನೇ ನೋಡುತ್ತಿದ್ದ. "ಈ ಗುಂಪು ಬೆಳಗ್ಗೆಯಿಂದ ನನ್ನ ಮಾತು ಕೇಳಿಲ್ಲ," ಎಂದ. "ನಿಮ್ಮ ಅತ್ತೆ ನಾಳೆ ಬಿಡುವಾಗಿದ್ದಾರಾ?"

ಇಷ್ಟೆಲ್ಲ ಆಗುವಾಗ ನಮ್ಮವರು ಒಂದು ಕಂಬಕ್ಕೆ ಒರಗಿ ಆಫೀಸಿನ ಮೇಲ್‌ಗೆ ಉತ್ತರ ಬರೆಯುತ್ತಿದ್ದರು. ಮಗಳು ಅವರನ್ನು ನೋಡಿ ಮುಖ ಆ ಕಡೆ ತಿರುಗಿಸಿಕೊಂಡಳು. ಕಣ್ಣು ತುಂಬಿದ್ದು ನನಗೆ ಕಂಡಿತು. ಆ ಫೋನನ್ನು ಅಲ್ಲೇ ಸಮಾಧಿ ಮಾಡಿಬಿಡೋಣ ಅನ್ನಿಸಿತು.

ಗೋಡೆ

ಕೊನೆಯ ಸಂಜೆ ಉಳಿದಿದ್ದದ್ದು ಹಳೇ ಟೌನ್ ಹಾಲ್ ಒಂದೇ. ಅದು ನದಿಯ ನಟ್ಟನಡುವೆ ನಿಂತಿದೆ, ಎರಡೂ ಕಡೆ ಸೇತುವೆ. ಕ್ಯಾಲಿಫೋರ್ನಿಯಾದಲ್ಲಿ ಆಗ ಬೆಳಗ್ಗೆ, ನಮ್ಮವರ ಮೀಟಿಂಗಿನ ಹೊತ್ತು. ಸೇತುವೆಯ ಮೇಲೆ ನಿಂತರೂ ಫೋನು ಕೈಯಲ್ಲೇ ಇತ್ತು. ಮಗಳು ಸೋತವಳಂತೆ, ಅಪ್ಪನ ಕಡೆ ನೋಡದೆ, ಕಥೆಯನ್ನು ನನಗೆ ಹೇಳಿದಳು. ಹಿಂದೆ ಇಲ್ಲಿ ಜಮೀನೆಲ್ಲ ಬಿಷಪ್ಪನದಂತೆ. ಊರಿನವರು ಟೌನ್ ಹಾಲ್ ಕಟ್ಟಲು ಜಾಗ ಕೇಳಿದರೆ ಅವನು ಒಂದು ಗೇಣೂ ಕೊಡಲಿಲ್ಲವಂತೆ. ಊರಿನವರು ನದಿಯಲ್ಲೇ ಕಂಬ ನೆಟ್ಟು, ನಡುಗಡ್ಡೆ ಮಾಡಿ, ಅದರ ಮೇಲೆ ಕಟ್ಟಿದರಂತೆ.

ನಮ್ಮವರ ಹೆಬ್ಬೆರಳು ನಿಂತಿತು. "ಅಂದ್ರೆ ಪರ್ಮಿಟ್ ಕೊಡ್ಲಿಲ್ಲ?"

"ನೋ ಪರ್ಮಿಟ್."

"ಅದಕ್ಕೆ ನದಿಯೊಳಗೇ ಕಟ್ಟಿಬಿಟ್ರು?"

"ಯೆಸ್, ಅಪ್ಪಾ."

"ಶಹಬ್ಬಾಸ್!" ಎಂದು ಸೇತುವೆಯೇ ನಡುಗುವಂತೆ ಕೂಗಿ, "ಅವ್ವಾ, ಇದನ್ನ ಹಿಡಿ," ಎಂದು ಫೋನು ಅತ್ತೆಯ ಕೈಗೆ ತುರುಕಿ ಅಂಚಿನ ಕಟಾಂಜನಕ್ಕೆ ಎರಡೂ ಕೈಯೂರಿ ಬಗ್ಗಿದರು. ಟೌನ್ ಹಾಲಿನ ಗೋಡೆಯ ತುಂಬ ಕಂಬ, ಕಮಾನು. ಎಲ್ಲ ಬರೀ ಚಿತ್ರ ಎಂದು ಮಗಳು ಹೇಳಿದಳು. ಇವರು ಒಪ್ಪಲಿಲ್ಲ, ನೆರಳು ಬಿದ್ದಿದೆಯಲ್ಲ ಎಂದರು. ನೆರಳೂ ಬಣ್ಣವೇ ಎಂದಳು. ಆಮೇಲೆ ಗೋಡೆಯ ಕೆಳಗೆ ಒಂದು ದೇವಶಿಶುವನ್ನು ತೋರಿಸಿದಳು. ಮೈಯೆಲ್ಲ ಚಿತ್ರ, ಒಂದು ಕಾಲು ಮಾತ್ರ ಗೋಡೆಯಿಂದ ನಿಜವಾಗಿ ಹೊರಗೆ ಚಾಚಿಕೊಂಡಿದೆ!

"ಅಯ್ಯಯ್ಯ, ಕಾಲು ಹೊರಗ ಬಂದದ!" ಎಂದು ನಮ್ಮವರು ಮಗುವಿನ ಹಾಗೆ ನಕ್ಕರು. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು, ಬಾಯಿ ತೆರೆದುಕೊಂಡೇ ನಿಂತರು. ಅವರು ಏನನ್ನಾದರೂ ಹಾಗೆ ನೋಡಿದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಬಹಳ ಸಂತೋಷವಾಯಿತು.

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಅತ್ತೆಯ ದನಿ ಕೇಳಿಸಿತು. "ಹಲೋ. ನಾ ಅವನ ತಾಯಿ. ಅವಾ ಗ್ವಾಡಿ ನೋಡ್ಲಿಕತ್ತಾನ. ಈಗ ಬರೂದಿಲ್ಲ."

ಮೀಟಿಂಗಿಗೆ ಬಾರದವರಿಗೆ ಆಫೀಸಿನವರು ಫೋನಿಗೇ ವಿಡಿಯೊ ಕರೆ ಮಾಡುತ್ತಾರೆ. ಅತ್ತೆ ಹಸಿರು ಗುಂಡಿ ಒತ್ತಿದ್ದರು. ಅತ್ತಲಿಂದ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಇಂಗ್ಲಿಷ್ ತಿಳಿಯದ ಅತ್ತೆ ಫೋನನ್ನೇ ತಿರುಗಿಸಿ ಮೊದಲು ಗೋಡೆ ತೋರಿಸಿದರು, ಆಮೇಲೆ ಬಾಯಿ ತೆರೆದು ನಿಂತ ಮಗನನ್ನು. ನಾನು ಓಡಿ ಹೋಗಿ ಫೋನು ಕಸಿದುಕೊಂಡರೆ ಪರದೆಯ ತುಂಬ ಟೀಮಿನವರೆಲ್ಲ ಕತ್ತು ಮುಂದೆ ಚಾಚಿಕೊಂಡು ಕೂತಿದ್ದಾರೆ. "ಅವರನ್ನ ಕರೀಬೇಡಿ," ಎಂದ ಮ್ಯಾನೇಜರು. "ಆ ಕಾಲು ಇನ್ನೊಂದ್ಸಲ ತೋರಿಸಿ."

ಮಗಳು ಮೆತ್ತಗೆ ಕೇಳಿದಳು. "ಅಪ್ಪಾ, ವೇರ್ ಈಸ್ ಯುವರ್ ಫೋನ್?"

ನಮ್ಮವರು ಶರ್ಟಿನ ಜೇಬು ತಟ್ಟಿಕೊಂಡರು, ಪ್ಯಾಂಟಿನ ಜೇಬು ತಟ್ಟಿಕೊಂಡರು, ಹಿಂದಿನದನ್ನೂ ತಟ್ಟಿಕೊಂಡರು. ಕೊನೆಗೆ ಗಾಬರಿಯಿಂದ ಸೇತುವೆಯ ಕೆಳಗೆ ಬಗ್ಗಿ ನದಿಯನ್ನು ನೋಡಿದರು. ಇಡೀ ಟೀಮು ಇದನ್ನು ನೇರ ಪ್ರಸಾರದಲ್ಲಿ ನೋಡಿತು. ಇನ್ನು ಇವರು ಪಂದ್ಯದ ಮಾತು ಬದಲಿಸುವ ಹಾಗೇ ಇರಲಿಲ್ಲ.

ವಾಪಸ್ ಬಂದ ಮೇಲೆ ಮೊದಲ ಸೋಮವಾರದ ವಿಡಿಯೊ ಮೀಟಿಂಗಿನಲ್ಲಿ ಪರದೆಯ ಮೇಲೆ ಎಲ್ಲರ ಮುಖದ ಹಿಂದೆಯೂ ಒಂದೇ ಚಿತ್ರ, ಬಾಂಬರ್ಗಿನ ಗೋಡೆ ಮತ್ತು ಬಾಯಿ ತೆರೆದ ನಮ್ಮವರು. ಮೀಟಿಂಗು ಮುಗಿಸಿ ಅಡುಗೆಮನೆಗೆ ಬಂದವರು, ಸೋಲು ಒಪ್ಪಿಕೊಳ್ಳುವ ಮನಸ್ಸಿಲ್ಲದೆ ಗಂಟಲು ಸರಿಮಾಡಿಕೊಂಡರು.

"ಓದಲಿ. ಹಳೇ ಕಟ್ಟಡಾನೇ ಓದಲಿ. ಆದ್ರೆ ಮೊದಲು ನಮ್ಮ ಡೆಕ್ಕಿಗೆ ಒಂದು ದಾರಿ ತೋರಿಸಲಿ, ನೋಡೋಣ."

ಮಗಳು ಕಿಟಕಿಯಿಂದ ಹಿತ್ತಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಆಮೇಲೆ, ಬಹುಶಃ ಅಪ್ಪನಿಗೆ ಚೆನ್ನಾಗಿ ಅರ್ಥವಾಗಲಿ ಎಂದು, ಅಚ್ಚ ಕನ್ನಡದಲ್ಲಿ ಹೇಳಿದಳು.

"ಏನ್ ಮಾಡೋದಪ್ಪಾ, ನಮ್ಮ ಹಿತ್ತಲಲ್ಲಿ ನದಿ ಇಲ್ವಲ್ಲ."