ಕಂಡಕ್ಟರ್ ಆಟ ನೋಡಲು ಹೋದದ್ದು

ಮಗಳು ಟೇಬಲ್ ಟೆನಿಸ್ ಕಲಿಯತೊಡಗಿದಂದಿನಿಂದ ಬಸ್ ಕಂಡಕ್ಟರಿಗೆ ಒಂದೇ ಆಸೆ: ಅವಳು ಆಡುವುದನ್ನು ಒಮ್ಮೆ ಕಣ್ತುಂಬ ನೋಡಬೇಕು. ಪಂದ್ಯಗಳೆಲ್ಲ ಭಾನುವಾರ, ಅವರಿಗೋ ಭಾನುವಾರವೇ ಡ್ಯೂಟಿ. ಕೊನೆಗೂ ರಜೆ ಸಿಕ್ಕಿದಾಗ ಮಗಳು ಒಂದು ಷರತ್ತು ಹಾಕಿದಳು.

“ಬಾಪ್ಪಾ. ಆದ್ರೆ ಬಾಯಿ ಬಿಡಬೇಡ. ಯಾರಾದ್ರೂ ಕೂಗಿದ್ರೆ ನಂಗೆ ಚೆಂಡೇ ಕಾಣಲ್ಲ.”

“ತುಟಿ ಹೊಲ್ಕೊಂಡು ಕೂತಿರ್ತೀನಮ್ಮ,” ಎಂದರು ಕಂಡಕ್ಟರ್.

ಅವರು ಮಾಡಿದ ತಪ್ಪು ಒಂದೇ. ಸಂತೋಷ ತಡೆಯಲಾರದೆ ಸುದ್ದಿಯನ್ನು ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರಿಗೆ ಹೇಳಿದರು. ಮೇಷ್ಟ್ರು ಎದುರುಮನೆ ಆಂಟಿಗೆ ಹೇಳಿದರು. ಆಂಟಿಗೆ ಹೇಳಿದ ಮೇಲೆ ಬೇರೆ ಯಾರಿಗೂ ಹೇಳುವ ಅಗತ್ಯವಿರಲಿಲ್ಲ. ಭಾನುವಾರ ಬೆಳಗ್ಗೆ ಇಡೀ ಬೀದಿಯೇ ಬಂದು ಒಳಾಂಗಣ ಕ್ರೀಡಾಂಗಣದ ಬೆಂಚುಗಳ ಮೇಲೆ ಕೂತಿತ್ತು.

“ನಮ್ಮ ಹುಡುಗಿಗೆ ನಾವಲ್ದೆ ಇನ್ಯಾರ್ರೀ ಸಪೋರ್ಟ್ ಮಾಡೋರು?” ಎಂದು ಆಂಟಿ ಕಂಡಕ್ಟರನ್ನು ಬೆಂಚಿನ ತುದಿಗೆ ಒತ್ತರಿಸಿದರು.

ಆಟ ಶುರುವಾಯಿತು. “ಹೊಡಿ ಪುಟ್ಟಿ! ಬಿಡಬೇಡ!” ಎಂದು ಆಂಟಿ. “ಮೊಣಕೈ! ಮೊಣಕೈ ನೋಡ್ಕೋ!” ಎಂದು ಜನ್ಮದಲ್ಲಿ ಬ್ಯಾಟು ಹಿಡಿಯದ ಮೇಷ್ಟ್ರು. ಹುಡುಗಿ ಒಮ್ಮೆ ಆಂಟಿಯನ್ನು ನೋಡಿದಳು, ಒಮ್ಮೆ ಮೊಣಕೈ ನೋಡಿಕೊಂಡಳು. ಚೆಂಡನ್ನು ಮಾತ್ರ ನೋಡಲಿಲ್ಲ. ಮೊದಲ ಗೇಮ್ ಹೋಯಿತು. ಅವಳ ಕಣ್ಣಲ್ಲಿ ನೀರು ಕಂಡಿದ್ದೇ ತಡ, ಕಂಡಕ್ಟರ್ ಎದ್ದು ನಿಂತರು.

“ಎಲ್ಲಾ ಸುಮ್ನೆ ಕೂತ್ಕೊಳ್ಳಿ!”

ಕಿಕ್ಕಿರಿದ ಬಸ್ಸಿನ ಹಿಂಬಾಗಿಲಿನಿಂದ ಡ್ರೈವರಿಗೆ ಕೇಳಿಸುವ ದನಿ ಅದು. ಎದುರಾಳಿ ಹುಡುಗಿ ಬ್ಯಾಟು ಕೆಳಗಿಟ್ಟು ನೆಲದ ಮೇಲೆ ಕೂತೇಬಿಟ್ಟಳು.

ಅಂಪೈರ್ ಕೆಂಡವಾದರು. “ಯಾರ್ರೀ ನೀವು? ನಡೀರಿ ಹೊರಗೆ! ನಿಮ್ ಕಡೆಯೋರನ್ನೂ ಕರ್ಕೊಂಡು ಹೋಗಿ!”

ಇಡೀ ಬೀದಿ ಹೊರಬಿದ್ದ ಹಿಂದೆಯೇ ಬಾಗಿಲು ಮುಚ್ಚಿತು.

“ಸ್ವಲ್ಪ ನಾಲಿಗೆ ಹಿಡಿತದಲ್ಲಿ ಇಟ್ಕೋಬಾರ್ದಾ?” ಎಂದು ಆಂಟಿಯೇ ಗದರಿಸಿದರು. ಕಂಡಕ್ಟರ್ ಬಾಗಿಲಿಗೆ ಕಿವಿಗೊಟ್ಟು ಚೆಂಡಿನ ಟಕಟಕ ಕೇಳುತ್ತ ನಿಂತರು. ಕೊಟ್ಟ ಮಾತು ಮುರಿದಾಗಿತ್ತು. ಇನ್ನು ಮಗಳು ತನ್ನನ್ನು ಹತ್ತಿರ ಸೇರಿಸುವುದುಂಟೇ?

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಮಗಳು ಓಡಿಬಂದು ಅಪ್ಪಿಕೊಂಡಳು.

“ಗೆದ್ದೆ ಅಪ್ಪಾ!” ಎಂದವಳು, ಅವರ ಕಿವಿಯಲ್ಲಿ ಪಿಸುಗುಟ್ಟಿದಳು: “ಅವ್ರನ್ನೆಲ್ಲ ಹೊರಗೆ ಸಾಗಿಸೋಕೆ ಅಂತ್ಲೇ ಕೂಗಿದ್ಯಲ್ವಾ? ಆಟ ನೋಡೋಕೆ ಎಷ್ಟು ಆಸೆಪಟ್ಟಿದ್ದೆ ನೀನು! ನಂಗೋಸ್ಕರ ಅದನ್ನೂ ಬಿಟ್ಯಲ್ಲಪ್ಪಾ. ಥ್ಯಾಂಕ್ಸ್.”

ಕಂಡಕ್ಟರ್ ಹೌದು ಎನ್ನಲಿಲ್ಲ, ಅಲ್ಲ ಎಂದೂ ಎನ್ನಲಿಲ್ಲ. ಇಂಥ ಮಗಳು ಸಿಕ್ಕಿದ್ದು ತನ್ನ ಪುಣ್ಯ ಎಂದುಕೊಂಡು ಅವಳ ತಲೆ ಸವರಿದರು.

“ಮುಂದಿನ ಭಾನುವಾರ ಫೈನಲ್ಲು. ಆಂಟಿ ಆಗ್ಲೇ ವ್ಯಾನ್ ಗೊತ್ತು ಮಾಡ್ತಿದಾರೆ,” ಎಂದಳು ಮಗಳು. “ಈ ಸಲ ಆಟ ಶುರುವಾಗೋಕ್ ಮುಂಚೇನೇ ಕೂಗ್ಬಿಡ್ತೀಯಾಪ್ಪಾ?”