ಒಂಟಿ ಮಾಲೀಕನ ಹೊಸ ನಂಬರು

ದೊಡ್ಡ ಗಾಜನ್ನು ಇಬ್ಬರು ಹೊತ್ತರೆ ಒಬ್ಬ ಹಿಂದುಹಿಂದಕ್ಕೆ ನಡೆಯಲೇಬೇಕು. ಅಂಗಡಿ ತೆರೆದ ದಿನದಿಂದಲೂ ಹಾಗೆ ನಡೆದವನು ಗಾಜಣ್ಣ. ಎದುರಿಗೆ ಗಂಭೀರವಾಗಿ ಬರುತ್ತಿದ್ದವನು ಅವನ ಪಾಲುದಾರ, ಹೆಂಡತಿಯ ತಮ್ಮ. ಕಳೆದ ವಾರ ಭಾವಮೈದುನ "ಮೆಟ್ಟಿಲಿಲ್ಲ ಭಾವ, ಧೈರ್ಯವಾಗಿ ಬನ್ನಿ" ಎಂದ ಕಡೆ ಮೆಟ್ಟಿಲಿತ್ತು. ಗಾಜು ಉಳಿಯಿತು, ಪಾಲುದಾರಿಕೆ ಒಡೆಯಿತು.

ಈ ದಿನ ಬೆಳಿಗ್ಗೆ ಡ್ಯಾನ್ಸ್ ಟೀಚರೊಬ್ಬರು ಬಂದರು. ಅವರ ಶಾಲೆಯ ಗೋಡೆ ತುಂಬ ಕನ್ನಡಿ ಬೇಕಂತೆ.

"ಇವತ್ತೇ ಟ್ಯಾಕ್ಸ್ ನಂಬರ್ ಇರೋ ಬಿಲ್ ಕೊಟ್ರೆ ಆರ್ಡರ್ ನಿಮಗೇ. ಇಲ್ಲಾಂದ್ರೆ ಬೇರೆ ಕಡೆ ನೋಡ್ಕೋತೀನಿ."

ಒಂಟಿ ಮಾಲೀಕನಾದ ಮೇಲೆ ಬಂದ ಮೊದಲ ಆರ್ಡರು! ಗಾಜಣ್ಣ ಹಿರಿಹಿರಿ ಹಿಗ್ಗಿದ. ಆದರೆ ಇದ್ದ ನಂಬರು ಪಾಲುದಾರಿಕೆಯದು. ಅದನ್ನು ಬರೆದರೆ ಲಾಭದಲ್ಲಿ ಭಾವಮೈದುನನೂ ಕೈ ಹಾಕುತ್ತಾನೆ. ಗಾಜಣ್ಣ ಚಪ್ಪಲಿ ಮೆಟ್ಟಿಕೊಂಡು ತೆರಿಗೆ ಕಚೇರಿಗೆ ಓಡಿದ. ಪಕ್ಕದಂಗಡಿಯ ಟೈಲರ್ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಬೆನ್ನು ಹತ್ತಿದ. ಬೇಡವೆಂದರೂ ಬರುವ ಆಸಾಮಿ ಅವನು.

"ವ್ಯಾಪಾರ ಒಬ್ಬರೇನಾ ಮಾಡೋದು?" ಎಂದರು ಕಿಟಕಿಯ ಹಿಂದಿನ ಮೇಡಂ.

"ಒಬ್ಬನೇ ಮೇಡಂ."

"ಮತ್ತೆ ಇವರು?"

"ಸ್ನೇಹಿತ," ಎಂದ ಟೈಲರ್. "ವ್ಯವಹಾರದ ಮಾತೆಲ್ಲ ನಾವಿಬ್ಬರೂ ಕೂತೇ ಆಡೋದು."

ಮೇಡಂ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಪಾಲುದಾರರು. ಆ ಸಾಲಿಗೆ ಹೋಗಿ."

ಆ ಸಾಲಿನಲ್ಲಿ ನಿಂತು, ಬೈಸಿಕೊಂಡು, ಮತ್ತೆ ಈ ಕಿಟಕಿಗೆ ಬಂದರು. ಟೈಲರ್ ಬಾಯಿ ಬಿಗಿಹಿಡಿಯಬೇಕಲ್ಲ?

"ಮನೆ ಜಗಳ ಮೇಡಂ. ನಾಳೆ ಸರಿಹೋಗತ್ತೆ."

"ಸರಿಹೋಗೋದಾದ್ರೆ ಹೊಸ ನಂಬರ್ ಯಾಕೆ?"

"ಯಾವ ಜನ್ಮಕ್ಕೂ ಸರಿಹೋಗಲ್ಲ!" ಗಾಜಣ್ಣ ಕೂಗಿದ. "ಬೇರೆಯಾದ ಪತ್ರ ಇಲ್ಲಿದೆ, ಇಬ್ಬರೂ ಸಹಿ ಹಾಕಿದೀವಿ. ಹಳೇ ನಂಬರನ್ನ ಈಗಲೇ ರದ್ದು ಮಾಡಿ!"

ಮಧ್ಯಾಹ್ನದ ಹೊತ್ತಿಗೆ ಹೊಸ ನಂಬರು ಕೈಗೆ ಬಂತು. ಗಾಜಣ್ಣ ಅದನ್ನು ದಾರಿಯುದ್ದಕ್ಕೂ ಹಾಡಿನಂತೆ ಗುನುಗಿಕೊಂಡು ಹೋಗಿ ಬಿಲ್ಲು ಬರೆದುಕೊಟ್ಟ. ಟೀಚರು ಖುಷಿಯಾಗಿ, ನಾಳೆಯೇ ಕನ್ನಡಿ ಕೂರಿಸಿ ಎಂದು ಹೇಳಿಹೋದರು.

ಆಮೇಲೆ ಗಾಜಣ್ಣ ಕನ್ನಡಿಯ ಒಂದು ತುದಿ ಎತ್ತಿದ. ಇನ್ನೊಂದು ತುದಿ ನೆಲ ಬಿಡಲಿಲ್ಲ. ಟೈಲರ್ ಬಂದು ಹಿಡಿದ. ಅಷ್ಟರಲ್ಲಿ ಕನ್ನಡಿಯಲ್ಲಿ ತನ್ನ ಮುಖ ಕಂಡು, ಮೀಸೆ ತೀಡಲು ಕೈ ಬಿಟ್ಟ. ಗಾಜಣ್ಣ ವಾಲಿದ ಕನ್ನಡಿಯನ್ನು ಹೇಗೋ ಗೋಡೆಗಾನಿಸಿ ಮನೆಗೆ ನಡೆದ.

ಮನೆಯಲ್ಲಿ ಭಾವಮೈದುನ ಅಕ್ಕ ಬಡಿಸಿದ್ದನ್ನು ಗಡದ್ದಾಗಿ ಉಣ್ಣುತ್ತಿದ್ದ.

"ರೀ, ಸುಮ್ನೆ ಇವನನ್ನೇ ಕರ್ಕೊಂಡು ಹೋಗಿ," ಎಂದಳು ಹೆಂಡತಿ.

"ಕೂಲಿಗೆ ಬರಲ್ಲ ಭಾವ. ಪಾಲಿಗಾದ್ರೆ ಬರ್ತೀನಿ."

ಗಾಜಣ್ಣ ಮುಖ ಗಂಟಿಕ್ಕಿಕೊಂಡೇ ಒಪ್ಪಿದ. ನಿಜ ಹೇಳಬೇಕೆಂದರೆ ಅವನಿಗೆ ಒಳಗೊಳಗೇ ಸಂತೋಷವಾಯಿತು. ಜಗಳವಾಡಲೂ ಜನರಿಲ್ಲದ ಅಂಗಡಿ ಅವನಿಗೆ ಸಾಕಾಗಿಹೋಗಿತ್ತು. ಪಾಲೆಂದ ಮೇಲೆ ನಂಬರೂ ಇಬ್ಬರದಾಗಬೇಕಲ್ಲ? ತೆರಿಗೆ ಕಚೇರಿ ಬಾಗಿಲು ಹಾಕುವ ಮೊದಲೇ ಇಬ್ಬರೂ ಅಲ್ಲಿಗೆ ಓಡಿದರು.

"ಮತ್ತೆ ಒಂದಾದ್ವಿ ಮೇಡಂ! ಹಳೇ ನಂಬರೇ ಕೊಟ್ಬಿಡಿ."

"ರದ್ದಾದದ್ದು ವಾಪಸ್ ಬರಲ್ಲ. ಪಾಲುದಾರಿಕೆಗೆ ಹೊಸದಾಗಿ ಅರ್ಜಿ ಹಾಕಿ," ಎಂದ ಮೇಡಂ ಕಂಪ್ಯೂಟರ್ ನೋಡಿದರು. "ಆದರೆ ಮೊದಲು ನಿಮ್ಮಿಬ್ಬರ ಒಂಟಿ ನಂಬರೂ ರದ್ದಾಗಬೇಕು."

"ಇಬ್ಬರದಾ?"

ಭಾವಮೈದುನ ಚಾವಣಿಯ ಫ್ಯಾನು ನೋಡತೊಡಗಿದ. "ಟೀಚರು ಮೊದಲು ನನ್ನ ಹತ್ರ ಬಂದಿದ್ರು ಭಾವ, ನಂಬರ್ ಇಲ್ಲ ಅಂದಿದ್ದಕ್ಕೆ ನಿಮ್ಮ ಕಡೆ ಬಂದ್ರು. ಬೆಳಿಗ್ಗೆನೇ ಬಂದು ನಾನೂ ಒಂದು ನಂಬರ್ ಮಾಡಿಸ್ಕೊಂಡೆ. ಆಮೇಲೆ ಒಬ್ಬನೇ ಕನ್ನಡಿ ಎತ್ತೋಕೆ ಹೋದೆ ನೋಡಿ... ಅದಕ್ಕೇ ನೀವು ಬರೋದನ್ನ ಕಾಯ್ತಾ ಊಟಕ್ಕೆ ಕೂತಿದ್ದೆ."

ಗಾಜಣ್ಣ ಬೈಯಲು ಬಾಯಿ ತೆರೆದ. ನಗು ಬಂದುಬಿಟ್ಟಿತು. ಕಣ್ಣೊರೆಸಿಕೊಳ್ಳುತ್ತಾ, "ಹಾಗಾದ್ರೆ ನಾನು ಕೊಟ್ಟ ಬಿಲ್ಲು ಮೇಡಂ?" ಎಂದ.

"ವಾಪಸ್ ತಗೊಳ್ಳಿ," ಎಂದು ಮೇಡಂ ಕಿಟಕಿ ಎಳೆದರು. "ಹೊಸ ನಂಬರ್ ಬರೋವರೆಗೂ ನೀವಿಬ್ಬರೂ ಏನನ್ನೂ ಮಾರೋ ಹಾಗಿಲ್ಲ."