ಅಮ್ಮ ಬಂದರೆ ರಜೆ ಇಲ್ಲ

ನನಗೆ ಗಾಬರಿಯಾಗಲು ದೊಡ್ಡ ಕಾರಣವೇನೂ ಬೇಕಿಲ್ಲ. ನಾನೇ ಒಲೆಯ ಮೇಲಿಟ್ಟ ಕುಕ್ಕರ್ ಕೂಗಿದರೂ ಕೈ ಎದೆಯ ಮೇಲೆ ಹೋಗುತ್ತದೆ. ಅಂಚೆಯವನು ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿದರೆ, ಪತ್ರ ಕೈಗೆ ಬರುವಷ್ಟರಲ್ಲಿ ಮನಸ್ಸಿನಲ್ಲೇ ಇಬ್ಬರು ಮೂವರನ್ನು ಆಸ್ಪತ್ರೆಗೆ ಸೇರಿಸಿ ಆಗಿರುತ್ತದೆ. ಆದರೆ ನೋಡಿದವರಿಗೆ ಇದೊಂದೂ ಗೊತ್ತಾಗುವುದಿಲ್ಲ. ಅದಕ್ಕೆ ಕಾರಣ ನಾನು ಓದಿದ ಕಾನ್ವೆಂಟು. ಒಳ್ಳೆಯ ಮನೆತನದ ಹುಡುಗಿ ಎಂಥ ಗಾಬರಿಯಾದರೂ ಕಿರುಚಬಾರದು, ಮೆಲ್ಲಗೆ ‘ಓ’ ಅನ್ನಬೇಕು ಎಂದು ಅಲ್ಲಿನ ಸಿಸ್ಟರುಗಳು ಹೇಳಿಕೊಟ್ಟಿದ್ದರು. ಮದುವೆಯಾಗಿ ತುಮಕೂರಿನ ಮರಳೂರಿಗೆ ಬಂದ ಮೇಲೆ ಹಾಲು ಉಕ್ಕಿದರೂ ‘ಓ’, ಹಾವು ಕಂಡರೂ ‘ಓ’. ನಮ್ಮ ಅತ್ತೆಯವರು ಮೊದಲ ವರ್ಷವಿಡೀ ನನಗೆ ಕಿವಿ ಸ್ವಲ್ಪ ಮಂದ ಎಂದೇ ತಿಳಿದಿದ್ದರಂತೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ ನನ್ನ ಜೀವನದ ಅತಿ ದೊಡ್ಡ ‘ಓ’ ಒಂದು ನೀಲಿ ರಟ್ಟಿನ ಪುಸ್ತಕದ ರೂಪದಲ್ಲಿ ಮನೆಗೆ ಬಂತು. ತಂದವರು ನಮ್ಮ ಯಜಮಾನರ ಅಣ್ಣ, ಚೇಳೂರಿನ ಭಾವನವರು. ಅವರ ಮಗಳು ಶಿವಗಂಗ, ನಮ್ಮೆಲ್ಲರ ಬಾಯಲ್ಲಿ ಗಂಗ, ಹಟ ಹಿಡಿದು ತುಮಕೂರಿನ ಒಂದು ನರ್ಸಿಂಗ್ ಕಾಲೇಜಿಗೆ ಸೇರಿದ್ದಳು. ವಿದ್ಯಾರ್ಥಿನಿಯರು ಹೇಗಿರಬೇಕು, ಹೇಗಿರಬಾರದು ಎಂಬುದೆಲ್ಲ ಆ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿತ್ತು. ಊರಿನಲ್ಲಿ ಅವಳ ಜವಾಬ್ದಾರಿ ಹೊರುವ ಲೋಕಲ್ ಗಾರ್ಡಿಯನ್ ನಾನು. ಹಾಗಾಗಿ ಅದನ್ನು ಓದಿ ಕನ್ನಡದಲ್ಲಿ ಹೇಳುವ ಕೆಲಸವೂ ನನ್ನದೇ ಆಯಿತು. ಭಾವನವರು ಗೋಡೆಗೆ ಒರಗಿ ಕೂತರು. ಅತ್ತೆಯವರು ಬತ್ತಿ ಹೊಸೆಯುತ್ತ ಕಿವಿಗೊಟ್ಟರು. ಗಂಗ ಬಾಗಿಲ ಹಿಂದೆ ನಿಂತು ಉಗುರು ಕಚ್ಚುತ್ತಿದ್ದಳು. ಉಗುರು ಕಚ್ಚಬಾರದೆಂಬುದು ಮೊದಲ ಪುಟದಲ್ಲೇ ಇತ್ತು.

ಕೂದಲನ್ನು ಕಾಲರಿನಿಂದ ಮೇಲೆ ಎತ್ತಿ ಬಲೆ ಹಾಕಿ ಕಟ್ಟಬೇಕು. ಹೂ ಮುಡಿಯಕೂಡದು. ರೋಗಿಯ ಮಂಚದ ಮೇಲೆ ಕೂರಕೂಡದು. ಬೆಂಕಿ ಬಿದ್ದಾಗ ಮತ್ತು ಯಾರಿಗಾದರೂ ರಕ್ತ ಸುರಿಯುವಾಗ ಬಿಟ್ಟರೆ ವಾರ್ಡಿನಲ್ಲಿ ಓಡಕೂಡದು. ಅಲ್ಲಿಯವರೆಗೆ ಭಾವನವರು ತಲೆಯಾಡಿಸುತ್ತಲೇ ಇದ್ದರು. ಮುಂದಿನದು ಬಳೆ. ಕೈಯಲ್ಲಿ ಬಳೆ ಇರಕೂಡದು. ನಾನು ಆದಷ್ಟು ಮೆತ್ತಗೆ ಹೇಳಿದೆ, ಆದರೂ ಅತ್ತೆಯವರ ಬತ್ತಿ ಕೈಯಿಂದ ಜಾರಿತು. ಭಾವನವರು ಎದ್ದು ನಿಂತರು.

"ಮದ್ವೆ ಆಗ್ದಿರೋ ಹೆಣ್‌ಮಗು ಬರಿಗೈಲಿ ತಿರ್ಗದಾ? ಏನ್ ಕಾಲೇಜವ್ವ ಇದು!"

"ಬಳೆ ಸಂದೀಲಿ ಕೊಳೆ ಕೂತ್ಕೊಳ್ಳುತ್ತಂತೆ ಭಾವ. ಅದು ರೋಗಿಗೆ ತಗಲುತ್ತಂತೆ," ಎಂದೆ.

"ನಮ್ಮವ್ವ ಬಳೆ ತೊಟ್ಕಂಡೇ ಎಂಟು ಮಕ್ಳು ಸಾಕಿದ್ಲು. ಯಾರ್ಗೇನಾಯ್ತು?"

ಎಂಟರಲ್ಲಿ ಉಳಿದದ್ದು ಮೂವರೇ ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಅತ್ತೆಯವರು ಮಾತ್ರ ಬಿದ್ದ ಬತ್ತಿಯನ್ನು ನಿಧಾನವಾಗಿ ಎತ್ತಿಕೊಂಡರು. ಕೊನೆಗೆ ಭಾವನವರು ಒಂದು ಷರತ್ತಿನ ಮೇಲೆ ಒಪ್ಪಿದರು. "ನೋಡವ್ವ, ನೀನು ಓದಿದೋಳು, ನಿನ್ ಮಖ ನೋಡ್ಕಂಡು ಬುಡ್ತಾ ಇವ್ನಿ. ಕಾಲೇಜಿನೋರು ಒಂದೇ ಒಂದ್ಸಲ ಇವಳ್ನ ಬ್ಯಾಡ ಅಂದ್ರೂ ಮುಗೀತು. ಕಡಬದ ಗಂಡು ಕಾಯ್ತಾವ್ನೆ." ಬಾಗಿಲ ಹಿಂದೆ ಉಗುರು ಕಚ್ಚುವ ಸದ್ದು ನಿಂತಿತು. ನಾನು ಉಳಿದ ಎರಡು ನಿಯಮಗಳನ್ನು ಓದಿ ಮುಗಿಸಿದೆ. ಜ್ವರವಾಗಲಿ ಮೈಮೇಲೆ ಗುಳ್ಳೆಯಾಗಲಿ ಕಂಡ ದಿನವೇ ಬರೆದು ತಿಳಿಸಬೇಕು, ಆಮೇಲೆ ವಾರ್ಡಿಗೆ ಕಾಲಿಡಕೂಡದು ಎಂಬುದು ಒಂದು. ತಂದೆ ತಾಯಿ ಬಂದಿದ್ದಾರೆಂಬ ಕಾರಣಕ್ಕೆ ರಜೆ ಇಲ್ಲ, ಅಪ್ಪಣೆಯಿಲ್ಲದೆ ಮೂರು ದಿನ ತಪ್ಪಿಸಿಕೊಂಡರೆ ಹೆಸರು ಹೊಡೆದುಹಾಕಲಾಗುವುದು ಎಂಬುದು ಇನ್ನೊಂದು.

ತಿಂಗಳಿಗೊಂದು ಭಾನುವಾರ ಗಂಗ ಹಾಸ್ಟೆಲಿನಿಂದ ನಮ್ಮ ಮನೆಗೆ ಬರುತ್ತಿದ್ದಳು. ನಾಲ್ಕನೆಯ ಸಲ ಬಂದಾಗ ಕಣ್ಣು ಕೆಂಪಗಿತ್ತು, ತಿಂಡಿ ಬೇಡವೆಂದಳು. ಬಲೆ ಬಿಚ್ಚಿ ತಲೆ ಬಾಚಲು ಕೂತಾಗ ಅವಳ ಬಲಗಿವಿಯ ಹಿಂದೆ ನೀರಿನ ಹನಿ ಕೂತಂತೆ ಒಂದು ಗುಳ್ಳೆ ಕಂಡಿತು. ಒರೆಸಿದರೆ ಹೋಗಲಿಲ್ಲ. ‘ಓ’ ಎಂದೆ. ಅತ್ತೆಯವರು ಹತ್ತಿರ ಬಂದು ನೋಡಿ, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿ, ಎರಡೂ ಕೈ ಮುಗಿದುಬಿಟ್ಟರು.

"ಅಮ್ಮ ಬಂದಿದಾಳೆ ಕಣೇ. ಒಗ್ಗರಣೆ ಸೌಟು ಎತ್ತಿಡು."

ಆಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು, ಹಾಸಿಗೆಗೆ ಬೇವಿನ ಸೊಪ್ಪು, ಊಟಕ್ಕೆ ಮೊಸರನ್ನ. ಗಂಗ ಜ್ವರದಲ್ಲೇ ನನ್ನ ಸೆರಗು ಹಿಡಿದು, "ಚಿಕ್ಕಮ್ಮ, ಇವತ್ತೇ ಬರೆದು ತಿಳಿಸ್ಬೇಕು. ರೂಲ್ ಇದೆ. ತಪ್ಪಿದ್ರೆ ಕಡಬವೇ ಗತಿ," ಎಂದು ಹೇಳಿ ನಿದ್ದೆ ಹೋದಳು. ನಾನು ಪೆನ್ನು ತೆಗೆದುಕೊಂಡು ಕೂತೆ. ಆ ರೋಗದ ಇಂಗ್ಲಿಷ್ ಹೆಸರು ನನಗೆ ಗೊತ್ತಿಲ್ಲದೇ ಇರಲಿಲ್ಲ. ಬರೆಯಲು ನಿಬ್ಬು ಕಾಗದಕ್ಕೆ ತಾಗಿಸಿಯೂ ಆಗಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಅತ್ತೆಯವರು ಬಂದು ನಿಂತರು.

"ಹೆಸರು ಬರೀತಿದೀಯೇನೇ?"

"ಕಾಯಿಲೆ ಹೆಸರು ಬರೀಬೇಕಲ್ಲ ಅತ್ತೆ."

"ಕಾಯಿಲೆ ಅಂತೀಯಾ! ಬಿಡ್ತು ಅನ್ನು. ಹೆಸರು ಹಿಡಿದ್ರೆ ಅಮ್ಮ ಮುನಿಸ್ಕೋತಾಳೆ. ಮಲಗಿರೋ ಹುಡುಗಿ ಮುಖ ನೋಡು, ಆಮೇಲೆ ಬರಿ."

ಹುಡುಗಿಯ ಮುಖ ನೋಡಿದೆ. ಕೆನ್ನೆಯ ಮೇಲೆ ಆಗಲೇ ಮೂರು ಗುಳ್ಳೆ ಎದ್ದಿದ್ದವು. ಇನ್ನೊಂದು ಎದ್ದರೆ ಅದು ನನ್ನ ಪೆನ್ನಿನಿಂದಲೇ ಎದ್ದಂತಾಗುತ್ತದೆ ಅನ್ನಿಸಿತು. ಹಿರಿಯರಿಗೆ ಎದುರಾಡುವುದನ್ನು ಕಾನ್ವೆಂಟೂ ಕಲಿಸಿರಲಿಲ್ಲ. ಕೊನೆಗೆ ನನ್ನ ದುಂಡು ಅಕ್ಷರದಲ್ಲಿ, "ರೆಸ್ಪೆಕ್ಟೆಡ್ ಮೇಡಂ, ಮದರ್ ಹ್ಯಾಸ್ ಕಮ್ ಟು ಅವರ್ ಹೌಸ್ ಟುಡೇ" ಎಂದು ಬರೆದೆ. ಆದ್ದರಿಂದ ಗಂಗಳಿಗೆ ಹನ್ನೊಂದು ದಿನ ರಜೆ ಕೊಡಬೇಕು ಎಂದು ಸೇರಿಸಿದೆ. ಭಕ್ತಿಯಿಂದ ಮದರಿನ ಮೊದಲ ಅಕ್ಷರವನ್ನು ಸ್ವಲ್ಪ ದೊಡ್ಡದಾಗಿಯೇ ಬರೆದೆ. ಓದಿ ಅರ್ಥ ಹೇಳಿದಾಗ ಅತ್ತೆಯವರಿಗೆ ತೃಪ್ತಿಯಾಯಿತು. ನನಗೂ ಒಳಗೊಳಗೇ ಹೆಮ್ಮೆ. ನಿಯಮವೂ ಉಳಿಯಿತು, ಅಮ್ಮನ ಮರ್ಯಾದೆಯೂ ಉಳಿಯಿತು. ಸೋಮವಾರ ಬೆಳಿಗ್ಗೆ ನಮ್ಮ ಯಜಮಾನರು ಆಫೀಸಿಗೆ ಹೋಗುವಾಗ ಪತ್ರವನ್ನು ಕಾಲೇಜಿನ ಗೇಟಿನಲ್ಲಿ ಕೊಟ್ಟರು.

ಬುಧವಾರ ಉತ್ತರ ಬಂತು. ಬರೆದವರು ಅಲ್ಲಿನ ಪ್ರಿನ್ಸಿಪಾಲರು, ಕೇರಳದ ಕಡೆಯ ಗಟ್ಟಿ ಹೆಂಗಸು. ಅದೇ ಹೊತ್ತಿಗೆ ಮಗಳಿಗೆ ಹುಷಾರಿಲ್ಲವೆಂದು ಕೇಳಿ ಭಾವನವರೂ ಎಳನೀರಿನ ಗೊನೆ ಹೊತ್ತು ಚೇಳೂರಿನಿಂದ ಬಂದಿಳಿದಿದ್ದರು. ಎಲ್ಲರ ಎದುರಿಗೆ ಪತ್ರ ಒಡೆದು ಓದಬೇಕಾಯಿತು. ಮದರ್ ಬಂದಿರುವುದು ರಜೆಗೆ ಕಾರಣವಾಗುವುದಿಲ್ಲ. ಮದರಿಗೆ ಹುಡುಗಿಯನ್ನು ನೋಡಲೇಬೇಕೆಂದಿದ್ದರೆ ಭಾನುವಾರ ಮೂರರಿಂದ ಐದು ಗಂಟೆಯೊಳಗೆ ಹಾಸ್ಟೆಲಿಗೆ ಬರಬಹುದು. ನಾಳೆ ಬೆಳಿಗ್ಗೆ ಹುಡುಗಿ ಮಕ್ಕಳ ವಾರ್ಡಿನ ಡ್ಯೂಟಿಗೆ ಹಾಜರಾಗದಿದ್ದರೆ ಹೆಸರು ಹೊಡೆಯಲಾಗುವುದು.

‘ಓ’ ಕೂಡ ಹೊರಡಲಿಲ್ಲ. ಅತ್ತೆಯವರು ಮಾತ್ರ ಕೆಂಡವಾದರು. "ಮೂರರಿಂದ ಐದಾ? ಅಮ್ಮನಿಗೇ ಟೈಮ್ ಹೇಳೋಕೆ ಅವಳ್ಯಾರೇ!"

ಭಾವನವರಿಗೆ ಸಿಟ್ಟು ಬರಲಿಲ್ಲ. ಅದೇ ನನಗೆ ಇನ್ನೂ ಭಯವಾದದ್ದು. ಅವರು ಎಳನೀರನ್ನು ಮೂಲೆಯಲ್ಲಿ ಇಳಿಸಿ, ಟವಲಿನಿಂದ ಮುಖ ಒರೆಸಿಕೊಂಡು, "ಆಯ್ತು ಬುಡವ್ವ. ಮೈಮ್ಯಾಲೆ ಅಮ್ಮ ಇರೋ ಮಗೀನ ಎಳ್ಕಂಡೋಗಿ ದುಡಿಸ್ಕಳೋ ಜನ. ಹೆಸರು ಅವ್ರೇನ್ ಹೊಡ್ಯದು, ನಾವೇ ಬಿಡ್ಸ್ಕತೀವಿ," ಎಂದರು. ಒಳಗಿನ ಕೋಣೆಯಿಂದ ಗಂಗ ಅಳುವುದು ಕೇಳಿಸಿತು. ಬೇವಿನ ಎಲೆ ಸರಪರ ಅನ್ನುತ್ತಿತ್ತು. ಅವಳು ಎದ್ದು ಸಮವಸ್ತ್ರ ಹುಡುಕುತ್ತಿದ್ದಳು.

ನಾಳೆಯವರೆಗೆ ಕಾಯದೆ ಆಗಲೇ ಜಟಕಾ ಹತ್ತಿ ಕಾಲೇಜಿಗೆ ಹೋದೆ. ಪ್ರಿನ್ಸಿಪಾಲರ ಗಡಿಯಾರ ಕೈಯಲ್ಲಿರಲಿಲ್ಲ. ಎದೆಯ ಮೇಲೆ ಪಿನ್ನಿನಲ್ಲಿ ತಲೆಕೆಳಗಾಗಿ ತೂಗುತ್ತಿತ್ತು. ಮಾತೆಲ್ಲ ಅರ್ಧ ಇಂಗ್ಲಿಷು, ಅರ್ಧ ಅವರ ಕನ್ನಡ.

"ಮದರ್ ಇನ್ನೂ ಹೋಗಿಲ್ಲವಾ?" ಎಂದರು, ಬರೆಯುವುದನ್ನು ನಿಲ್ಲಿಸದೆ.

"ಅಷ್ಟು ಬೇಗ ಹೇಗೆ ಹೋಗ್ತಾರೆ ಮೇಡಂ? ಮೂರು ನೀರು ಹಾಕಿದ ಮೇಲೇ ಕಳಿಸೋದು."

ಪೆನ್ನು ನಿಂತಿತು. "ಮದರ್ ಮೇಲೆ ನೀರು ಹಾಕ್ತೀರಾ?"

"ಹುಡುಗಿ ಮೇಲೆ ಮೇಡಂ. ಬೇವಿನೆಲೆ, ಅರಿಶಿನ ಹಾಕಿ ಕಾಯಿಸಿದ ನೀರು. ಅಲ್ಲಿತನಕ ಒಗ್ಗರಣೆ ಇಲ್ಲ, ನೆಂಟರು ಬರೋ ಹಾಗಿಲ್ಲ, ಯಾರೂ ಜೋರಾಗಿ ಮಾತಾಡೋ ಹಾಗಿಲ್ಲ."

"ಮದರ್ ಅಷ್ಟು ಕೋಪದವರಾ?"

"ಅಯ್ಯೋ, ತುಂಬಾ!" ಎಂದೆ, ಇವರಿಗೆ ಈಗ ಅರ್ಥವಾಯಿತು ಎಂದು ಸಂತೋಷಪಟ್ಟು.

ಅವರು ಕನ್ನಡಕ ತೆಗೆದು ನನ್ನನ್ನು ಮರುಕದಿಂದ ನೋಡಿದರು. "ಈಗ ಎಲ್ಲಿದ್ದಾರೆ ಅವರು?"

"ಮೊದಲು ಕಿವಿ ಹಿಂದೆ ಇದ್ದರು. ಈಗ ಮುಖ, ಬೆನ್ನು, ಎಲ್ಲ ಕಡೆ."

ತಲೆಕೆಳಗಾದ ಗಡಿಯಾರದ ಟಿಕ್ ಟಿಕ್ ನನಗೂ ಕೇಳಿಸಿತು. ಅವರು ಮೆಲ್ಲಗೆ ಎದ್ದರು. "ಚಿಕನ್ ಪಾಕ್ಸ್?" ಎಂದರು. ನಾನು ಕಣ್ಣು ಮುಚ್ಚಿ ತಲೆಯಾಡಿಸಿದೆ. ಹೆಸರು ಹೇಳಿದ್ದು ಅವರು, ನಾನಲ್ಲ ಎಂದು ಮನಸ್ಸಿನಲ್ಲೇ ಅಮ್ಮನಿಗೆ ತಿಳಿಸಿದೆ. ಕಣ್ಣು ಬಿಟ್ಟಾಗ ಅವರ ಮುಖ ಅವರ ಸೀರೆಯಷ್ಟೇ ಬಿಳಿಯಾಗಿತ್ತು. "ಮಕ್ಕಳ ವಾರ್ಡು! ನಾನು ಅವಳನ್ನು ಮಕ್ಕಳ ವಾರ್ಡಿಗೆ ಕರೆದೆ," ಎಂದು ಕುರ್ಚಿಯಲ್ಲಿ ಕುಸಿದರು. ಆ ಹೊತ್ತಿನಲ್ಲಿ ಅವರ ಗಾಬರಿಯ ಮುಂದೆ ನನ್ನದು ಏನೂ ಅಲ್ಲ ಅನ್ನಿಸಿತು. ಅವರ ಕಣ್ಣ ಮುಂದೆ ಇಪ್ಪತ್ತು ತೊಟ್ಟಿಲುಗಳಿದ್ದವು. ನನ್ನ ಕಣ್ಣ ಮುಂದೆ ನಾನು ಭಕ್ತಿಯಿಂದ ದೊಡ್ಡದು ಮಾಡಿದ ಒಂದು ಅಕ್ಷರವಿತ್ತು.

ಒಂದು ನಿಮಿಷದಲ್ಲಿ ಅವರು ಮೊದಲಿನ ಗಟ್ಟಿ ಹೆಂಗಸಾದರು. "ನಿಮಗೆ ಮೊದಲು ಯಾವಾಗಲಾದರೂ ಇದು ಆಗಿದೆಯಾ?" ಎಂದು ಕೇಳಿದರು. ಇಲ್ಲವೆಂದೆ. "ಹಾಗಾದರೆ ಹೊರಗೆ!" ಎಂದರು. ನಾನು ವರಾಂಡದಲ್ಲಿ ನಿಂತಿದ್ದಾಗಲೇ ಆಯಾ ಬಂದು ನಾನು ಕೂತ ಕುರ್ಚಿಯನ್ನು ಔಷಧದ ನೀರಿನಲ್ಲಿ ತೊಳೆದಳು. ಕಿಟಕಿಯ ಆಚೆಯಿಂದಲೇ ಪ್ರಿನ್ಸಿಪಾಲರು ತೀರ್ಪು ಕೊಟ್ಟರು. ಪತ್ರದ ಮೇಲೆ ಭಾನುವಾರದ ತಾರೀಖಿದೆ. ಕಂಡ ದಿನವೇ ಬರೆದು ತಿಳಿಸಿದಂತಾಯಿತು. ಹುಡುಗಿಯ ಹೆಸರು ಉಳಿಯುತ್ತದೆ. ಕೊನೆಯ ಹಕ್ಕಳೆ ಉದುರುವವರೆಗೆ ಇತ್ತ ತಲೆ ಹಾಕಬಾರದು. ಆಮೇಲೆ ಒಂದು ಡೈರಿ ತೆಗೆದು, "‘ಅಮ್ಮ ಬಂದಿದ್ದಾರೆ’. ಹಾಗೇ ಅಲ್ಲವಾ ಹೇಳೋದು?" ಎಂದು ಕೇಳಿ ಮಲಯಾಳದಲ್ಲಿ ಬರೆದುಕೊಂಡರು. ಕೆಳಗೆ ಎರಡು ಗೆರೆ ಎಳೆದದ್ದನ್ನು ನಾನು ಕಿಟಕಿಯಿಂದ ಕಂಡೆ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಗಂಗ ಹನ್ನೊಂದನೆಯ ದಿನ ನೀರು ಹಾಕಿಸಿಕೊಂಡು, ಹಕ್ಕಳೆಯೆಲ್ಲ ಉದುರಿದ ಮೇಲೆ ಹಾಸ್ಟೆಲಿಗೆ ಹೋದಳು. ಭಾವನವರು ಕಡಬದವರಿಗೆ ಏನು ಹೇಳಿದರೋ, ಆ ಸುದ್ದಿ ಮತ್ತೆ ಏಳಲಿಲ್ಲ. ಅಮ್ಮ ನನ್ನ ಮೇಲೂ ಬರುತ್ತಾಳೆಂದು ಎರಡು ವಾರ ದಿನಾ ಕನ್ನಡಿಯಲ್ಲಿ ಕಿವಿಯ ಹಿಂದೆ ಹುಡುಕಿದೆ. ಬರಲಿಲ್ಲ. ಆರು ತಿಂಗಳ ನಂತರ ವಿದ್ಯಾರ್ಥಿನಿಯರಿಗೆ ಟೋಪಿ ಇಟ್ಟು, ಕೈಗೆ ದೀಪ ಕೊಟ್ಟು ಪ್ರತಿಜ್ಞೆ ಮಾಡಿಸುವ ಸಮಾರಂಭ ಬಂತು. ಅದನ್ನು ನೋಡಲೆಂದೇ ನನ್ನ ತಾಯಿ ಕುಣಿಗಲಿನಿಂದ ಬಂದಿದ್ದಳು. ಅವಳನ್ನೂ ಅತ್ತೆಯವರನ್ನೂ ಭಾವನವರು ಮುಂದಾಗಿ ಒಳಗೆ ಕರೆದುಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರಿಸಿದರು. ನಾನು ಚಪ್ಪಲಿಯ ಪಟ್ಟಿ ಬಿಚ್ಚುತ್ತ ಹಿಂದುಳಿದೆ. ಬಾಗಿಲಲ್ಲಿ ಪ್ರಿನ್ಸಿಪಾಲರು ಎಲ್ಲರನ್ನೂ ಬರಮಾಡಿಕೊಳ್ಳುತ್ತ ನಿಂತಿದ್ದರು. ನನ್ನನ್ನು ಕಂಡು ನಕ್ಕು, ಈ ನಡುವೆ ಚೆನ್ನಾಗಿ ಕಲಿತಿದ್ದ ಕನ್ನಡದಲ್ಲಿ, "ಮನೆಯಲ್ಲಿ ಏನು ವಿಶೇಷ?" ಎಂದು ಕೇಳಿದರು.

"ಅಮ್ಮ ಬಂದಿದ್ದಾರೆ ಮೇಡಂ," ಎಂದೆ, ಸಂಭ್ರಮದಿಂದ.

ಅವರ ನಗು ಹೋಯಿತು. ಎರಡು ಹೆಜ್ಜೆ ಹಿಂದೆ ಸರಿದರು. ನನ್ನನ್ನು ಮುಟ್ಟದೆ, ಬರೀ ಬೆರಳಿನಿಂದ ವರಾಂಡದ ಕೊನೆಯ ಬೆಂಚು ತೋರಿಸಿದರು. ಬಾಯಿ ತೆರೆದೆ. ಹೊರಟದ್ದು ‘ಓ’ ಮಾತ್ರ. ವಿವರಿಸಲು ಪದ ಹುಡುಕುವಷ್ಟರಲ್ಲಿ ಒಳಗೆ ಪ್ರಾರ್ಥನೆ ಶುರುವಾಗಿ ಬಾಗಿಲು ಮುಚ್ಚಿತು. ಕಿಟಕಿಯ ಸರಳಿನ ಸಂದಿಯಿಂದ ಗಂಗಳ ಕೈಯಲ್ಲಿ ದೀಪ ಕಂಡಿತು. ಆ ಕೈಯಲ್ಲಿ ಬಳೆ ಇರಲಿಲ್ಲ. ಮೊದಲ ಸಾಲಿನಲ್ಲಿ ಭಾವನವರು ಟವಲಿನಿಂದ ಮತ್ತೆ ಮತ್ತೆ ಮುಖ ಒರೆಸಿಕೊಳ್ಳುತ್ತಿದ್ದರು. ಅವರ ಪಕ್ಕದ ಖಾಲಿ ಕುರ್ಚಿ ನನ್ನದು.

ಸಮಾರಂಭ ಮುಗಿದ ಮೇಲೆ ನನ್ನ ತಾಯಿ ಹುಡುಕಿಕೊಂಡು ಬಂದಳು. "ಇದೇನೇ, ಇಲ್ಲಿ ಕೂತಿದೀಯ? ಒಳಗ್ಯಾಕೆ ಬರಲಿಲ್ಲ?"

"ನೀನು ಬಂದಿದೀಯಲ್ಲಮ್ಮ, ಅದಕ್ಕೇ ಸೇರಿಸಲಿಲ್ಲ," ಎಂದೆ.

ಹೆಸರು ಹಿಡಿದರೆ ಅಮ್ಮ ಮುನಿಸಿಕೊಳ್ಳುತ್ತಾಳೆ ಎಂದಿದ್ದರು ಅತ್ತೆಯವರು. ನಾನು ಹೆಸರೇ ಹಿಡಿದಿರಲಿಲ್ಲ. ಆದರೂ ಮಾರನೆಯ ದಿನ ಕುಣಿಗಲ್ ಬಸ್ಸು ಹತ್ತುವವರೆಗೆ ಅಮ್ಮ ನನ್ನ ಜೊತೆ ಮಾತಾಡಲಿಲ್ಲ.